ಕುಕ್ಕರ್ ಕೂಗದ ಗುರುವಾರ

ಆ ಗುರುವಾರ ಬೆಳಿಗ್ಗೆ ಆರು ಗಂಟೆಗೆ ಎದ್ದ ಗಂಗಾಧರ್ ಮಾಡಿದ ಮೊದಲ ಕೆಲಸ ತನ್ನ ಫೋನ್ ಸ್ವಿಚ್ ಆಫ್ ಮಾಡಿದ್ದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಆಮೇಲೆ ಆದದ್ದೆಲ್ಲ ಅದರಿಂದಲೇ ಆಯಿತು.

ಹಿಂದಿನ ದಿನ ಸಂಜೆ ಅವನು ಹಾರ್ಡ್‌ವೇರ್ ಅಂಗಡಿಯ ಕೆಲಸ ಮುಗಿಸಿ ಬಂದಾಗ ಹೆಂಡತಿ ಸುಮನಾ ಒಲೆಯ ಮುಂದೆ ಕೈಯಲ್ಲಿ ಉಪ್ಪು ಹಿಡಿದು ನಿಂತಿದ್ದಳು. ಸಾರು ಉಕ್ಕಿ ಗ್ಯಾಸ್ ಆರಿಹೋಗಿತ್ತು. ಇವಳು ನಿಂತೇ ಇದ್ದಳು.

"ಏನಾಯ್ತೇ?"

"ಉಪ್ಪು ಹಾಕಿದ್ನಾ, ಹಾಕ್ಬೇಕಾ, ಗೊತ್ತಾಗ್ತಿಲ್ಲ ಕಣ್ರೀ," ಎಂದು ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು.

ಕ್ಲಿನಿಕ್ಕಿನ ಡಾಕ್ಟರಮ್ಮ ಬಿಪಿ ನೋಡಿ, ಕಣ್ಣು ನೋಡಿ, ನಾಲಿಗೆ ನೋಡಿ, "ಇದು ಕಾಯ್ಲೆ ಅಲ್ಲ, ಸುಸ್ತು. ಎಷ್ಟು ದಿನದಿಂದ ಇದೆ?" ಎಂದರು.

"ಹನ್ನೆರಡು ವರ್ಷದಿಂದ," ಎಂದಳು ಸುಮನಾ.

ಅದು ಸುಳ್ಳಲ್ಲ. ಗಂಗಾಧರ್ ಹನ್ನೆರಡು ವರ್ಷದ ಹಿಂದೆ ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದದ್ದೇ ತಪ್ಪು. ಬಟವಾಡಿ ಅಂದರೆ ಹೆಜ್ಜೆಗೊಂದು ಕ್ಲಿನಿಕ್ಕು, ಎರಡು ಹೆಜ್ಜೆಗೊಂದು ಲ್ಯಾಬು. ಗುಬ್ಬಿ ಕಡೆಯ ನೆಂಟರಿಗೆ ಮಂಡಿ ನೋವು ಬಂದರೂ, ಕುಣಿಗಲ್ ಕಡೆಯವರಿಗೆ ಎದೆ ಉರಿ ಬಂದರೂ ಬಸ್ಸು ಇಳಿಯುವುದು ಇಲ್ಲೇ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟವರು ಆ ಖಾಲಿ ಹೊಟ್ಟೆಯನ್ನು ನೇರವಾಗಿ ಸುಮನಾಳ ಅಡುಗೆಮನೆಗೆ ತರುತ್ತಿದ್ದರು. ಅವಳು ಹದಿನೈದು ನಿಮಿಷದಲ್ಲಿ ಉಪ್ಪಿಟ್ಟು, ಅರ್ಧ ಗಂಟೆಯಲ್ಲಿ ಮುದ್ದೆ-ಸಾರು ಇಳಿಸುತ್ತಿದ್ದಳು. ಯಾವ ಮಾವನಿಗೆ ಬೆಳ್ಳುಳ್ಳಿ ಆಗದು, ಯಾವ ಅತ್ತೆಗೆ ಹಲ್ಲಿಲ್ಲ, ಎಲ್ಲ ಅವಳ ತಲೆಯಲ್ಲಿ ಬರೆದಿತ್ತು. ಉಂಡವರು ಕೈ ತೊಳೆದು, "ಸುಮನನ ಕೈ ಅಂದ್ರೆ ಕೈ" ಎಂದು ಹೊಗಳಿ, ಹಲ್ಲಿಗೆ ಕಡ್ಡಿ ಹಾಕಿಕೊಂಡು ಹೊರಡುತ್ತಿದ್ದರು. "ನೀನು ಉಂಡೆಯೇನವ್ವ?" ಎಂದು ಕೇಳಿದವನು ಈ ಹನ್ನೆರಡು ವರ್ಷದಲ್ಲಿ ಒಬ್ಬನಿಲ್ಲ. ಇಂಥವರಿಗೆ ರಕ್ತ ಪರೀಕ್ಷೆ ಮಾಡಿದರೆ ಏನು ಸಿಗುತ್ತದೆ, ಸಾರೇ ಸಿಗಬೇಕು.

"ನಿದ್ದೆ ಹತ್ತಿದ ಮೇಲೆ ಯಾರೂ ಎಬ್ಬಿಸ್ಬೇಡಿ. ಒಂದು ಪೂರ್ತಿ ದಿನ ಮಲಗಿದ್ರೂ ಸರಿ, ತಾನಾಗೇ ಏಳ್ಬೇಕು," ಎಂದು ಡಾಕ್ಟರಮ್ಮ ಗಂಗಾಧರನ ಕಡೆ ಬೆರಳು ತೋರಿಸಿ ಹೇಳಿದ್ದರು.

ಸುಮನಾ ತನ್ನದೊಂದು ಷರತ್ತು ಸೇರಿಸಿದ್ದಳು. "ನಾಳೆ ಬಾಗ್ಲು ತಟ್ಬೇಡಿ. ಕಾಫಿ, ತಿಂಡಿ, ಊಟ ಅಂತ ಕರೀಬೇಡಿ. ಹಸಿವಾದ್ರೆ ನಾನೇ ಬರ್ತೀನಿ. ಒಂದ್ ಸಲ ನಂಗೆ ಎಚ್ಚರ ಮಾಡಿದ್ರೂ ಯುಗಾದಿವರೆಗೂ ಒಲೆ ನಿಮ್ದೇ."

ಈಗಿನ್ನೂ ದೀಪಾವಳಿ ಮುಗಿದಿತ್ತು. ಗಂಗಾಧರ್ ಬೆರಳಲ್ಲಿ ತಿಂಗಳು ಎಣಿಸಿ ಬೆವತಿದ್ದ.

ಆದ್ದರಿಂದ ರಾತ್ರಿ ರೂಮಿನ ಹೊರಗೇ ಮಲಗಿ, ಗುರುವಾರ ಅಂಗಡಿಗೆ ರಜೆ ಹಾಕಿ, ಫೋನ್ ಆಫ್ ಮಾಡಿ, ಬೆಕ್ಕಿನ ಹೆಜ್ಜೆಯಲ್ಲಿ ಹಾಲು ತರಲು ಹೋದ. ಬರುವಾಗಲೂ ರೂಮಿನ ಬಾಗಿಲು ಮುಚ್ಚಿತ್ತು. ಒಳಗೆ ಫ್ಯಾನ್ ಕಟಕಟ ತಿರುಗುತ್ತಿತ್ತು. ಆ ಬಾಗಿಲಿನ ಕೀಲು ಎಣ್ಣೆ ಕಾಣದೆ ಹುಲಿಯಂತೆ ಗುರುಗುಡುವುದರಿಂದ ಇಣುಕಿ ನೋಡುವ ಸಾಹಸಕ್ಕೆ ಹೋಗಲಿಲ್ಲ. ಎರಡು ಬಾಳೆಹಣ್ಣು ತಿಂದು, ಸಿಪ್ಪೆಯನ್ನು ಸದ್ದಾಗದಂತೆ ಬುಟ್ಟಿಗಿಟ್ಟು, ಕಾವಲುಗಾರನ ಹಾಗೆ ಕುರ್ಚಿಯಲ್ಲಿ ಕುಳಿತ.

ಹತ್ತೂವರೆಗೆ ಬೀದಿಯಲ್ಲಿ ಒಂದು ಓಮ್ನಿ ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂತೆ ಸದ್ದು ಮಾಡುತ್ತಾ ಬಂದು ನಿಂತಿತು. ಹಿಂದೆಯೇ ಗೇಟು ಕಿರ್ರೆಂದಿತು. ಇಡೀ ಬಟವಾಡಿಯಲ್ಲಿ ಅಷ್ಟು ಕೆಟ್ಟದಾಗಿ ಕಿರುಚುವ ಗೇಟು ಇನ್ನೊಂದಿಲ್ಲ.

ಗಂಗಾಧರ್ ಹೊರಗೆ ಹಾರಿದ. ಚೇಳೂರಿನ ಅವನ ದೊಡ್ಡಪ್ಪನ ಮಗ ಮೂಡಲಗಿರಿಯಪ್ಪ, ಅವನ ಹೆಂಡತಿ ಸರ್ವಮಂಗಳಮ್ಮ, ಆಕೆಯ ಅಪ್ಪ ಚಿಕ್ಕಮಾರಯ್ಯ, ಓಮ್ನಿ ಓಡಿಸುವ ಕದರಯ್ಯ, ನಾಲ್ಕು ಜನ ಸಾಲಾಗಿ ಒಳಗೆ ಬರುತ್ತಿದ್ದರು.

"ಏನ್ಲಾ ಗಂಗಾಧರ, ಫೋನು ಸ್ವಿಚ್ ಆಪ್ ಅಂತೈತೆ? ದಾರೀಲಿ ಹತ್ತು ಸಲ ಮಾಡ್ದೆ," ಎಂದ ಮೂಡಲಗಿರಿಯಪ್ಪ.

"ಮೆತ್ತಗೆ ಮಾತಾಡಣ್ಣ," ಎಂದು ಗಂಗಾಧರ್ ಪಿಸುಗುಟ್ಟಿದ. "ಸುಮನಂಗೆ ಹುಷಾರಿಲ್ಲ, ಮಲಗಿದಾಳೆ. ಎಚ್ಚರ ಮಾಡ್ಬಾರ್ದಂತೆ."

"ಏನಂತೆ?" ಎಂದರು ಚಿಕ್ಕಮಾರಯ್ಯ. ಅವರಿಗೆ ಕಿವಿ ಮಂದ. ಆದ್ದರಿಂದ ಲೋಕಕ್ಕೆಲ್ಲ ಕಿವಿ ಮಂದ ಎಂದು ತಿಳಿದು, ಹೊಲದ ಆ ಬದುವಿನಲ್ಲಿರುವವರನ್ನು ಕರೆಯುವ ದನಿಯಲ್ಲೇ ಮಾತಾಡುತ್ತಿದ್ದರು. ಸರ್ವಮಂಗಳಮ್ಮ ಸೆರಗಿನಿಂದ ಅಪ್ಪನ ಬಾಯಿ ಮುಚ್ಚಿದಳು.

ನಾಲ್ವರೂ ಚಪ್ಪಲಿ ಬಿಟ್ಟು ಕಳ್ಳರಂತೆ ಒಳಗೆ ಬಂದು ಕುಳಿತರು. ಮೂಡಲಗಿರಿಯಪ್ಪ ವಿಷಯ ಹೇಳಿದ. ಮಾವನಿಗೆ ಶುಗರ್ ಪರೀಕ್ಷೆ. ಖಾಲಿ ಹೊಟ್ಟೆಯ ರಕ್ತ ಕೊಟ್ಟಾಯಿತು. ಊಟ ಮಾಡಿ ಸರಿಯಾಗಿ ಎರಡು ಗಂಟೆ ಆದ ಮೇಲೆ ಇನ್ನೊಂದು ಸಲ ಕೊಡಬೇಕು.

"ಹೋಟ್ಲು ಊಟ ಮಾಡಂಗಿಲ್ಲವಂತೆ. ದಿನಾ ಮನೇಲಿ ಉಣ್ಣೋ ಮುದ್ದೆ ಸಾರೇ ಉಣ್ಬೇಕು, ಇಲ್ದಿದ್ರೆ ಶುಗರ್ರು ಬ್ಯಾರೆ ತೋರಿಸ್ತದಂತೆ, ಲ್ಯಾಬಿನ ಹುಡುಗಿ ಹೇಳ್ತು. ಇರ್ಲಿ ಬುಡು, ನಾವು ಹೊಂಡ್ತೀವಿ," ಎಂದವನು ಹೊರಡಲಿಲ್ಲ. ಟವಲು ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡ.

ಈಗ ಗಂಗಾಧರ್ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಹೊರಡುತ್ತೀವಿ ಎಂದವರಿಗೆ ಊಟ ಮಾಡಿ ಎನ್ನುವುದು ನಮ್ಮ ಕಡೆಯವರಿಗೆ ಸೀನು ಬಂದ ಹಾಗೆ, ತಡೆಯಲಾಗುವುದಿಲ್ಲ.

"ಊಟ ಮಾಡ್ಕೊಂಡ್ ಹೋಗಣ್ಣ," ಎಂದುಬಿಟ್ಟ.

"ಅಯ್ಯೋ, ಬ್ಯಾಡ ಬುಡಪ್ಪ."

"ಏ, ಹಂಗಂದ್ರೆ ಹೆಂಗಣ್ಣ, ಊಟ ಮಾಡ್ಕೊಂಡ್ ಹೋಗು."

"ಬ್ಯಾಡ ಬ್ಯಾಡ, ಈಗ್ಯಾಕೆ ತೊಂದ್ರೆ."

ಎರಡು ಆಯಿತು. ಮೂರು ಸಲ ಕರೆಯಬೇಕು, ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ "ಇಷ್ಟು ಹೇಳ್ತಿದೀಯ ಅಂದ್ಮೇಲೆ" ಎಂದು ಏಳಬೇಕು. ಮೊದಲನೆಯ ಸಲಕ್ಕೇ ಒಪ್ಪಿದವನು ಹೊಟ್ಟೆಬಾಕ, ಎರಡೇ ಸಲ ಕರೆದವನು ಜಿಪುಣ. ಗಂಗಾಧರನಿಗೆ ತಟ್ಟನೆ ಉಪಾಯ ಹೊಳೆಯಿತು. ಮೂರನೆಯದನ್ನು ಆಡದಿದ್ದರೆ ಇವರು ಹೊರಡಲೇಬೇಕು. ಜಿಪುಣ ಅಂದರೆ ಅನ್ನಲಿ. ಹಲ್ಲು ಕಚ್ಚಿ ಕುಳಿತ.

ನೆಂಟರೂ ಕುಳಿತರು. ಗೋಡೆಯ ಗಡಿಯಾರ ಟಿಕ್ ಟಿಕ್ ಎಂದಿತು. ಮೂಡಲಗಿರಿಯಪ್ಪ ಗಂಗಾಧರನ ತುಟಿಯನ್ನೇ ನೋಡುತ್ತಿದ್ದ. ನಿನ್ನೆ ರಾತ್ರಿಯಿಂದ ಉಪವಾಸವಿದ್ದ ಚಿಕ್ಕಮಾರಯ್ಯನವರ ಹೊಟ್ಟೆ ಮೂರನೆಯ ಕರೆಗೆ ತಾನೇ ಉತ್ತರ ಕೊಡುವಂತೆ ಗುಡುಗುಡು ಎಂದಿತು. ಯಾರೂ ಏಳಲಿಲ್ಲ. ಹತ್ತು ನಿಮಿಷ ಹೀಗೇ ಯುದ್ಧ ನಡೆಯಿತು.

ಮಹಡಿಯ ಮೇಲಿದ್ದ ಮನೆ ಓನರ್ ಶಕುಂತಲಮ್ಮ ಓಮ್ನಿಯ ಸದ್ದು ಕೇಳಿ ಅಲ್ಲಿವರೆಗೂ ತಡೆದುಕೊಂಡಿದ್ದೇ ಹೆಚ್ಚು. ಇಳಿದು ಬಂದು ಬಾಗಿಲಲ್ಲಿ ನಿಂತು ನಾಲ್ಕೂ ಮುಖ ಎಣಿಸಿದರು.

"ಯಾರು, ಚೇಳೂರಿನೋರಾ? ಇಷ್ಟು ದೂರದಿಂದ ಬಂದಿದೀರ, ಊಟ ಮಾಡ್ಕೊಂಡೇ ಹೋಗ್ಬೇಕು ನೀವು. ಗಂಗಾಧರಪ್ಪ ಹಂಗೇ ಕಳಿಸೋರಲ್ಲ."

"ಇಷ್ಟು ಹೇಳ್ತಿದೀರ ಅಂದ್ಮೇಲೆ," ಎಂದು ಮೂಡಲಗಿರಿಯಪ್ಪ ಕೈ ತೊಳೆಯಲು ಎದ್ದ.

ಗಂಗಾಧರ್ ಅಡುಗೆಮನೆಗೆ ಹೋಗಿ ಸುತ್ತ ನೋಡಿದ. ಹನ್ನೆರಡು ವರ್ಷ ಈ ಕೋಣೆಯಿಂದ ಉಂಡಿದ್ದನೇ ಹೊರತು ಇದನ್ನು ನೋಡಿರಲಿಲ್ಲ. ಸಾಲಾಗಿ ಇಪ್ಪತ್ತು ಸ್ಟೀಲ್ ಡಬ್ಬ. ಒಂದರ ಮೇಲೂ ಹೆಸರಿಲ್ಲ. ಸಕ್ಕರೆ ಅಂದುಕೊಂಡದ್ದು ರವೆ, ಬೇಳೆ ಅಂದುಕೊಂಡದ್ದು ಮೆಂತ್ಯ. ಅಂಗಡಿಯಲ್ಲಿ ಅವನು ಮೊಳೆಯ ಡಬ್ಬಕ್ಕೂ ಚೀಟಿ ಅಂಟಿಸಿ, ಆದರೂ ಹುಡುಕಾಡುತ್ತಿದ್ದ. ಇವಳು ಕತ್ತಲಲ್ಲಿ, ಕರೆಂಟು ಹೋದಾಗ, ಬೆನ್ನ ಹಿಂದೆ ಕೈ ಚಾಚಿ ಸಾಸಿವೆ ತೆಗೆಯುತ್ತಿದ್ದಳಲ್ಲ ಎಂದು ಅವನಿಗೆ ಮೊದಲ ಬಾರಿ ಬೆರಗಾಯಿತು.

ನಿಜವಾದ ಕಷ್ಟ ಬೇರೆ ಇತ್ತು. ಅಡುಗೆ ಅನ್ನುವುದು ಇಷ್ಟು ಗಲಾಟೆಯ ಕೆಲಸ ಎಂದು ಅವನಿಗೆ ಗೊತ್ತಿರಲಿಲ್ಲ. ಕುಕ್ಕರ್ ಇಡುವಂತಿಲ್ಲ, ಕೂಗುತ್ತದೆ. ಮಿಕ್ಸಿ ಹಾಕುವಂತಿಲ್ಲ, ಲಾರಿ ಬಂದ ಹಾಗಾಗುತ್ತದೆ. ಸುಮನಾ ಮನೆಯ ಇನ್ನೊಂದು ತುದಿಯಲ್ಲಿದ್ದರೂ ಕುಕ್ಕರಿನ ಕೂಗು ಎಣಿಸುವವಳು. ಟಿವಿ ನೋಡುತ್ತಲೇ "ಮೂರಾಯ್ತು, ಆರಿಸ್ರೀ" ಎನ್ನುವವಳು.

"ಹೆಸರುಬೇಳೆ ಹಾಕಿ, ಪಾತ್ರೇಲೇ ಬೇಯುತ್ತೆ," ಎಂದು ಶಕುಂತಲಮ್ಮ ಕಿಟಕಿಯಿಂದ ಪಿಸುಗುಟ್ಟಿದರು. "ಸೊಪ್ಪು ಇದೆಯಾ?"

ಇರಲಿಲ್ಲ. ಸೊಪ್ಪಿನ ಗಾಡಿ ಬೀದಿಯಲ್ಲಿತ್ತು. ಬಾಗಿಲ ಹಿಂದೆ ಯಾವಾಗಲೂ ನೇತಾಡುತ್ತಿದ್ದ ವೈರ್ ಬ್ಯಾಗು ಕೈಗೆ ಸಿಗಲಿಲ್ಲ. ಎಲ್ಲಿಟ್ಟಿದ್ದಾಳೋ ಎಂದುಕೊಂಡು ಹೆಲ್ಮೆಟ್ಟಿನಲ್ಲೇ ನಾಲ್ಕು ಕಟ್ಟು ದಂಟಿನ ಸೊಪ್ಪು ತುಂಬಿಕೊಂಡು ಬಂದ.

ಸರ್ವಮಂಗಳಮ್ಮ ಅಡುಗೆಮನೆ ಬಾಗಿಲಿಗೆ ಬಂದಳು. "ನಾನ್ ಮಾಡ್ಲಾ ಗಂಗಾಧರಪ್ಪ?"

"ಅಯ್ಯೋ ಬೇಡಿ ಅತ್ತಿಗೆ," ಎಂದಿತು ಅವನ ಬಾಯಿ.

"ಮುದ್ದೆನಾದ್ರೂ ತಿರುವ್ತೀನಿ."

"ಬೇಡಿ ಅತ್ತಿಗೆ, ನೀವು ಕೂತ್ಕೊಳಿ." ಇದು ಎರಡನೆಯದು. ಮೂರನೆಯ ಸಲ ಕೇಳಲಿ, ಕಾಲಿಗೆ ಬಿದ್ದಾದರೂ ಒಪ್ಪಿಕೊಳ್ಳುತ್ತೇನೆ ಎಂದು ಕಾದ. ಸರ್ವಮಂಗಳಮ್ಮ "ಸರಿ ಬುಡಪ್ಪ" ಎಂದು ಹೋಗಿ ಕುಳಿತಳು.

ಬೇಳೆ ಬೇಯಲು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಅಷ್ಟರಲ್ಲಿ ಚಿಕ್ಕಮಾರಯ್ಯ ಬಚ್ಚಲು ಹುಡುಕುತ್ತಾ ಸುಮನಾಳ ರೂಮಿನ ಬಾಗಿಲಿಗೆ ಕೈ ಹಾಕಿದರು. ಗಂಗಾಧರ್ ಸೌಟು ಹಿಡಿದೇ ಹಾರಿ ಬಾಗಿಲಿಗೆ ಅಡ್ಡ ನಿಂತ, ಗೋಲ್ ಕೀಪರ್‌ನಂತೆ. "ಯಾಕಪ್ಪ?" ಎಂದು ಅವರು ಕೂಗುವಷ್ಟರಲ್ಲಿ ಕದರಯ್ಯ ಅವರ ಬಾಯಿಗೆ ಟವಲು ಕೊಟ್ಟ.

ಒಗ್ಗರಣೆಯ ಹೊತ್ತು ಇನ್ನೂ ಭಯಂಕರ. ಸಾಸಿವೆ ಸಿಡಿಯುವ ಸದ್ದಿಗೆ ಹೆದರಿ ತಟ್ಟೆ ಮುಚ್ಚಿದ. ತಟ್ಟೆಯೊಳಗೆ ಒಣಮೆಣಸಿನಕಾಯಿ ಕಪ್ಪಾಗಿ, ತೆಗೆದಾಗ ಘಾಟು ಮೋಡದಂತೆ ನಡುಮನೆಗೆ ನುಗ್ಗಿತು. ನಾಲ್ವರೂ ಮೂಗು ಹಿಡಿದರು. ಸರ್ವಮಂಗಳಮ್ಮ ಸೆರಗಿಗೆ ಸೀನಿದಳು, ಮೂಡಲಗಿರಿಯಪ್ಪ ದಿಂಬಿಗೆ ಸೀನಿದ. ಚಿಕ್ಕಮಾರಯ್ಯನವರ ಸೀನು ಬರುವುದನ್ನು ಕದರಯ್ಯ ದೂರದಿಂದಲೇ ಗುರುತಿಸಿ, ಅವರನ್ನು ಎತ್ತಿಕೊಂಡು ಹೊರಗೋಡಿ ಓಮ್ನಿಯೊಳಗೆ ಕೂರಿಸಿ ಬಾಗಿಲು ಹಾಕಿದ. ಒಳಗಿಂದ ಗಾಜು ಅದುರಿದ್ದು ಕಾಣಿಸಿತು.

ಎಲ್ಲರೂ ರೂಮಿನ ಕಡೆ ಕಿವಿಗೊಟ್ಟರು. ಫ್ಯಾನ್ ಕಟಕಟ ಎನ್ನುತ್ತಿತ್ತು, ಅಷ್ಟೇ.

"ಪಾಪ, ಎಂಥ ಸುಸ್ತೋ," ಎಂದಳು ಸರ್ವಮಂಗಳಮ್ಮ. "ಇಷ್ಟು ಘಾಟಿಗೂ ಏಳ್ಲಿಲ್ಲ ಅಂದ್ರೆ."

ಮುದ್ದೆಯನ್ನು ಗಂಗಾಧರ್ ಕಾಲಲ್ಲಿ ಪಾತ್ರೆ ಒತ್ತಿಹಿಡಿದು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದ. ಐದು ನಿಮಿಷಕ್ಕೆ ತೋಳು ಬಿದ್ದುಹೋಯಿತು. ಅವನು ದಿನವೂ ಸಿಮೆಂಟ್ ಮೂಟೆ ಎತ್ತುವವನು. ಹೊಂಬಾಳೆಯಂಥ ಕೈಯವಳು ದಿನಕ್ಕೆರಡು ಹೊತ್ತು, ನೆಂಟರು ಬಂದರೆ ಹದಿನೈದು ಮುದ್ದೆ, ನಗುತ್ತಾ ಮಾತಾಡುತ್ತಾ ತಿರುವಿ, ಅಳತೆ ಮಾಡಿದಂತೆ ಒಂದೇ ಗಾತ್ರಕ್ಕೆ ಕಟ್ಟುತ್ತಿದ್ದಳು. ಇವನು ಕಟ್ಟಿದ ಎಂಟು ಮುದ್ದೆ ಎಂಟು ದಿಕ್ಕಿಗೆ ನೋಡುತ್ತಿದ್ದವು. ಒಳಗೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು.

ಹನ್ನೆರಡೂವರೆಗೆ ಊಟಕ್ಕೆ ಕುಳಿತರು. ತಟ್ಟೆ ಇಡುವಾಗ ಸದ್ದಾಗದಿರಲೆಂದು ಕೆಳಗೆ ಟವಲು ಹಾಸಿದ್ದರು. ಸಾರಿಗೆ ಉಪ್ಪು ಹಾಕಿದನೋ ಇಲ್ಲವೋ ಗಂಗಾಧರನಿಗೇ ಗೊತ್ತಿರಲಿಲ್ಲ. ಆಗ ಅವನಿಗೆ ನಿನ್ನೆ ಸಂಜೆ ಉಪ್ಪು ಹಿಡಿದು ನಿಂತವಳು ನೆನಪಾದಳು. ಒಂದೇ ಊಟಕ್ಕೆ ಈ ಗತಿಯಾದರೆ ಅವಳು ಇಷ್ಟು ವರ್ಷ ಹೇಗೆ ನಿಂತಿದ್ದಳು?

ನೆಂಟರು ಗಂಟನ್ನು ಅಗಿಯದೆ ನುಂಗಿದರು. ಎಂಟೂ ಮುದ್ದೆ, ಇಡೀ ಪಾತ್ರೆ ಸಾರು ಖಾಲಿಯಾಯಿತು. ಗಂಗಾಧರ್ ಉಳಿದ ಸೊಪ್ಪಿನ ಕಡ್ಡಿ ಅಗಿದ. ಎರಡೂವರೆಗೆ ಚಿಕ್ಕಮಾರಯ್ಯನವರನ್ನು ಓಮ್ನಿ ಬಿಟ್ಟು ನಡೆಸಿಕೊಂಡೇ ಹೋಗಿ ರಕ್ತ ಕೊಡಿಸಿ, ರಿಪೋರ್ಟು ತೆಗೆದುಕೊಂಡು ಬರುವಷ್ಟರಲ್ಲಿ ಐದು ಗಂಟೆ.

"ಶುಗರ್ರು ನಾರ್ಮಲ್ಲು," ಎಂದು ಮೂಡಲಗಿರಿಯಪ್ಪ ಪಿಸುಗುಟ್ಟಿದ. "ನಿನ್ ಮುದ್ದೆ ಅರಗಿದ್ರೆ ತಾನೆ ರಕ್ತಕ್ಕೆ ಹೋಗಾದು."

ಗಂಗಾಧರನಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಬೆಳಗಿನಿಂದ ನಾಲ್ಕು ಜನ ಬಂದು, ಉಂಡು, ಸೀನಿ, ಹೊರಡುತ್ತಿದ್ದರು. ಸುಮನಾ ಕದಲಿರಲಿಲ್ಲ. ಯುಗಾದಿವರೆಗಿನ ಒಲೆ ತಪ್ಪಿತು.

ಎಲ್ಲರೂ ಬಾಗಿಲಿಗೆ ಬಂದರು. ಮೂಡಲಗಿರಿಯಪ್ಪನಿಗೆ ಹನ್ನೆರಡು ವರ್ಷದ ಅಭ್ಯಾಸ, ಹೊರಡುವಾಗ ಸುಮನಾಳಿಗೆ ಒಂದು ಮಾತು ಹೇಳಿಯೇ ಹೊರಡುತ್ತಿದ್ದ. ಇವತ್ತು ಮುಚ್ಚಿದ ರೂಮಿನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಬತ್ತೀವವ್ವ ಸುಮನ. ನೀನೂ ಒಂದ್ಸಲ ನಮ್ಮನೆಗೆ ಬಂದು ಊಟ ಮಾಡ್ಕೊಂಡ್ ಹೋಗ್ಬೇಕು ಕಣವ್ವ."

"ಅಲ್ಲಿಂದ್ಲೇ ಬರ್ತಿದೀನಿ ಭಾವ," ಎಂದಿತು ಬೆನ್ನ ಹಿಂದಿನ ದನಿ.

ಮತ್ತೆ ಕಿರುಚದಿರಲೆಂದು ಬೆಳಗಿನಿಂದ ತೆರೆದೇ ಇಟ್ಟಿದ್ದ ಗೇಟಿನ ಬಳಿ ಸುಮನಾ ನಿಂತಿದ್ದಳು. ಕೆದರಿದ ಕೂದಲು, ಮುಖದ ತುಂಬ ಬಸ್ಸಿನ ಧೂಳು, ಕೈಯಲ್ಲಿ ವೈರ್ ಬ್ಯಾಗು.

ಗಂಗಾಧರ್ ಅವಳನ್ನು ನೋಡಿದ, ರೂಮಿನ ಬಾಗಿಲು ನೋಡಿದ, ಓಡಿಹೋಗಿ ಬಾಗಿಲು ತಳ್ಳಿದ. ಅದು ಹುಲಿಯಂತೆ ಗುರುಗುಟ್ಟಿತು. ಒಳಗೆ ಖಾಲಿ ಮಂಚದ ಮೇಲೆ ಫ್ಯಾನ್ ತಿರುಗುತ್ತಿತ್ತು.

"ನೀವು ಹಾಲಿಗೆ ಹೋದಾಗ ಹೊರಟೆ," ಎಂದಳು ಸುಮನಾ, ಗೇಟು ಹಾಕಿ ಒಳಗೆ ಬಂದು ಕುರ್ಚಿಗೆ ಒರಗುತ್ತಾ. "ಮಲಗಿದ್ರೂ ನಿದ್ದೆ ಹತ್ಲಿಲ್ಲ. ಮನೇಲಿದ್ರೆ ಕೈ ಸುಮ್ನಿರಲ್ಲ. ಕುಣಿಗಲ್‌ಗೆ ಅಮ್ಮನ ಮನೆಗೆ ಹೋದ್ರೆ ಅಲ್ಲೂ ಒಲೆ ನಂದೇ. ಭಾವ ಬಂದಾಗೆಲ್ಲ ಕರೀತಾರಲ್ಲ, ಒಂದಿನ ಬೇರೆಯೋರ ಕೈ ಊಟ ಉಂಡು, ಅಲ್ಲೇ ಮಲಗಿ ಬರೋಣ ಅಂತ ಗುಬ್ಬಿ ಬಸ್ ಹತ್ತಿ ಚೇಳೂರಿಗೆ ಹೋದೆ. ಮೆಸೇಜ್ ಹಾಕಿದ್ನಲ್ರೀ."

ಗಂಗಾಧರ್ ಜೇಬಿನಲ್ಲಿದ್ದ ಸತ್ತ ಫೋನನ್ನು ಮುಟ್ಟಿ ನೋಡಿಕೊಂಡ.

"ನಂಗೊಂದು ಫೋನ್ ಮಾಡ್ಬಾರ್ದೇನವ್ವ?" ಎಂದ ಮೂಡಲಗಿರಿಯಪ್ಪ. ಅವನ ದನಿ ತಾನಾಗೇ ಕುಗ್ಗಿತ್ತು.

"ನಿಮ್ ನಂಬರ್ ನನ್ಹತ್ರ ಎಲ್ಲಿದೆ ಭಾವ? ಬರ್ತೀವಿ ಅಂತ ನೀವೆಲ್ಲ ಇವ್ರಿಗೆ ಹೇಳ್ತೀರಿ. ಅಡುಗೆ ಮಾಡೋಳ ನಂಬರ್ ಯಾರಿಟ್ಕೋತಾರೆ." ಅವಳು ಸಿಟ್ಟಿಲ್ಲದೆಯೇ ಹೇಳಿದಳು. ಅದೇ ಜೋರಾಗಿ ತಗುಲಿತು. "ಬೀಗ ಹಾಕಿತ್ತು. ಪಕ್ಕದ ಮನೆಯೋರು, ಅಜ್ಜನ್ನ ಡಾಕ್ಟ್ರಿಗೆ ತೋರ್ಸಕ್ಕೆ ಹೋದ್ರು, ಊಟದ ಹೊತ್ತಿಗೆ ಬತ್ತಾರೆ ಅಂದ್ರು. ಜಗಲಿ ಮೇಲೆ ಎರಡು ಗಂಟೆವರೆಗೂ ಕಾದೆ. ಆಮೇಲೆ ಗೊತ್ತಾಯ್ತು, ಊಟದ ಹೊತ್ತಿಗೆ ಯಾರ ಮನೇಲಿರ್ತಾರೆ ಅಂತ."

"ಅವ್ರಾದ್ರೂ ಊಟಕ್ಕೆ ಕರೀಲಿಲ್ವಾ?" ಎಂದು ಸರ್ವಮಂಗಳಮ್ಮ ಕಣ್ಣೊರೆಸಿಕೊಂಡಳು.

"ಕರೆದ್ರು ಅಕ್ಕ. ಎರಡೇ ಸಲ ಕರೆದ್ರು."

ಗಂಗಾಧರ್ ಅವಳ ಮುಂದೆ ಬಂದು ನಿಂತ. ಒಂದು ಸಲ ಕೇಳಬೇಕೋ ಮೂರು ಸಲ ಕೇಳಬೇಕೋ ಗೊತ್ತಾಗದೆ, "ಊಟ ಮಾಡ್ತೀಯಾ?" ಎಂದ.

"ಹೂಂ," ಎಂದಳು ಸುಮನಾ, ಮೊದಲನೆಯ ಸಲಕ್ಕೇ.

ಪಾತ್ರೆಯಲ್ಲಿ ಒಂದು ಹನಿ ಸಾರಿರಲಿಲ್ಲ. ಗಂಗಾಧರ್ ಮತ್ತೆ ಒಲೆ ಹಚ್ಚಿದ. ಈಗ ಸದ್ದಿನ ಭಯವಿರಲಿಲ್ಲ. ಅಕ್ಕಿ ಬೇಳೆ ತೊಳೆದು ಕುಕ್ಕರಿಗೆ ಹಾಕಿ ವೆಯ್ಟ್ ಕೂರಿಸಿದ. ತಾನು ಎದ್ದು ಮಾಡುತ್ತೇನೆ ಎಂದು ಅವಳು ಅನ್ನಲಿಲ್ಲ. ನೆಂಟರು ಅಪರಾಧಿಗಳಂತೆ ಗೋಡೆಗೆ ಸಾಲಾಗಿ ನಿಂತಿದ್ದರು. ಹತ್ತು ನಿಮಿಷಕ್ಕೆ ಕುಕ್ಕರ್ ಆ ದಿನದ ಮೊದಲ ಕೂಗು ಕೂಗಿತು, ಇಡೀ ಮನೆ ಅದುರುವಂತೆ.

"ಒಂದಾಯ್ತು," ಎಂದು ಸುಮನಾ ಹೇಳಲೆಂದು ಗಂಗಾಧರ್ ಕಾದ. ಹೇಳಲಿಲ್ಲ. ತಿರುಗಿ ನೋಡಿದರೆ ಅವಳ ತಲೆ ಕುರ್ಚಿಯ ಬೆನ್ನಿಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬೇರೆ ಯಾರೋ ಇಟ್ಟ ಕುಕ್ಕರಿನ ಕೂಗು ಕೇಳುತ್ತಾ, ಮಗುವಿನಂತೆ ನಿದ್ದೆ ಹೋಗಿದ್ದಳು.

ಗಂಗಾಧರ್ ಹಾರಿ ಗ್ಯಾಸ್ ಆರಿಸಿದ. ಸರ್ವಮಂಗಳಮ್ಮ ಅವಳ ಮಡಿಲಿನಿಂದ ವೈರ್ ಬ್ಯಾಗನ್ನು ಉಸಿರು ಬಿಗಿಹಿಡಿದು ತೆಗೆದಿಟ್ಟಳು. ನಿದ್ದೆ ಹತ್ತಿದ ಮೇಲೆ ಒಂದು ಪೂರ್ತಿ ದಿನ, ಎಂದಿದ್ದರು ಡಾಕ್ಟರಮ್ಮ. ಅಂದರೆ ನಾಳೆ ಸಂಜೆಯವರೆಗೆ. ಷರತ್ತು ಹಾಗೇ ಇತ್ತು. ಯುಗಾದಿಯೂ ಅಲ್ಲೇ ಇತ್ತು.

"ನಾವು ಹೊಂಡ್ತೀವಿ," ಎಂದು ಮೂಡಲಗಿರಿಯಪ್ಪ ಸನ್ನೆ ಮಾಡಿದ. ಕದರಯ್ಯ ತುದಿಗಾಲಲ್ಲಿ ನಡೆದು ಗೇಟಿನವರೆಗೂ ಹೋದ. ಆ ಗೇಟನ್ನು ನೋಡಿದ. ಅದರಾಚೆ ನಿಂತಿದ್ದ ತನ್ನ ಓಮ್ನಿಯನ್ನು ನೋಡಿದ. ತಲೆ ಅಲ್ಲಾಡಿಸುತ್ತಾ ಹಾಗೇ ವಾಪಸ್ಸು ಬಂದು ಚಪ್ಪಲಿ ಬಿಟ್ಟ.

ನಾಲ್ವರೂ ಸದ್ದಿಲ್ಲದೆ ಮತ್ತೆ ಚಾಪೆಯ ಮೇಲೆ ಕುಳಿತರು. ಮೂಡಲಗಿರಿಯಪ್ಪ ಟವಲು ಬಿಚ್ಚಿ ತೊಡೆಗೆ ಹಾಸಿಕೊಂಡ. ಈ ಸಲ ಯಾರೂ ಯಾರನ್ನೂ ಕರೆಯುವ ಅಗತ್ಯ ಬೀಳಲಿಲ್ಲ. ಚಿಕ್ಕಮಾರಯ್ಯ ಗಂಗಾಧರನನ್ನು ಕೈಸನ್ನೆಯಿಂದ ಹತ್ತಿರ ಕರೆದು, ಎಂಬತ್ತು ವರ್ಷದಲ್ಲಿ ಮೊದಲ ಸಲ ಪಿಸುಮಾತಿನಲ್ಲಿ ಹೇಳಿದರು:

"ರಾತ್ರಿಗೆ ಗಂಟಿಲ್ದಂಗೆ ತಿರುವಪ್ಪ."